ಕಂಡಕ್ಟರಮ್ಮ ಆಸ್ಪತ್ರೆಯಲ್ಲಿ ಸೀಟಿ ಊದಿದ್ದು

ಡಿಪೋದವರಿಗೆಲ್ಲ ಅವಳು ಸೀಟಿಯಕ್ಕ. ಬೇರೆ ಕಂಡಕ್ಟರುಗಳು ಬಾಗಿಲು ಬಡಿದೋ, ಬಾಯಲ್ಲಿ ಕೂಗಿಯೋ ಬಸ್ಸು ಹೊರಡಿಸಿಬಿಡುತ್ತಾರೆ. ಇವಳ ಹತ್ತಿರ ಆ ಆಟ ನಡೆಯುವುದಿಲ್ಲ. ಕೊರಳಲ್ಲಿ ಕೆಂಪು ದಾರಕ್ಕೆ ಕಟ್ಟಿದ ಸ್ಟೀಲಿನ ಸೀಟಿ. ಒಂದು ಸಲ ಊದಿದರೆ ಬಸ್ಸು ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಇಳಿಯುವವರ ಕಾಲು ನೆಲಕ್ಕೆ ತಾಕುವ ತನಕ ಹೊರಡುವ ಸೀಟಿ ಬೀಳುವುದೇ ಇಲ್ಲ, ಹಿಂದಿನ ಲಾರಿಯವನು ಎಷ್ಟೇ ಹಾರನ್ ಬಡಿದುಕೊಳ್ಳಲಿ. ಅವಳ ಬಸ್ಸಿನ ಡ್ರೈವರಣ್ಣ, ತಲೆ ಪೂರ್ತಿ ನರೆತ ಮನುಷ್ಯ, "ನಿನ್ ಜೊತೆ ಡ್ಯೂಟಿ ಬಿದ್ರೆ ಲೇಟಾಗೋದು ಗ್ಯಾರಂಟಿ ಕಣಮ್ಮ. ಆದ್ರೆ ಯಾರೂ ಬೀಳಲ್ಲ, ಅದೂ ಗ್ಯಾರಂಟಿ" ಎಂದು ರೇಗಿಸುತ್ತಿದ್ದ.

ಇಂಥವಳು ಒಂದು ದಿನ ತನ್ನ ಬಸ್ಸಿನಲ್ಲೇ ತಾನೇ ಬಿದ್ದಳು.

ಯಾಕೆ ಬಿದ್ದಳು ಎಂದು ಹೇಳಬೇಕಾದರೆ ಎರಡನೆಯ ಹೆರಿಗೆಯಿಂದ ಶುರುಮಾಡಬೇಕು. ಮೊದಲನೆಯದು ಹೆಣ್ಣು, ಆಗಲೇ ಶಾಲೆಗೆ ಹೋಗುತ್ತಿತ್ತು. ಎರಡನೆಯದು ಗಂಡು. ಆಸ್ಪತ್ರೆಯ ಹೆರಿಗೆ ಮೇಜಿನ ಮೇಲೆ ಮಲಗಿ, ಹಲ್ಲು ಕಚ್ಚಿ, ಕಂಬಿ ಹಿಡಿದು ಒದ್ದಾಡುತ್ತಿದ್ದಾಗ ಕಾಲಿನ ಕಡೆಯಿಂದ ಯಾರೋ ಕೇಳಿದರು: "ಏನಮ್ಮಾ, ಇನ್ನೂ ಬೇಕಾ, ಸಾಕಾ?" ಅವಳು ಕಿರುಚಿದಳು: "ಅಯ್ಯೋ ಸಾಕಪ್ಪಾ, ಸಾಕು!"

ಅಲ್ಲ, ನೀವೇ ಹೇಳಿ, ಆ ಮೇಜಿನ ಮೇಲೆ ಮಲಗಿದ ಯಾವ ಹೆಂಗಸು 'ಇನ್ನೂ ನಾಲ್ಕು ಇರಲಿ' ಎನ್ನುತ್ತಾಳೆ? ಆ ಹೊತ್ತಿನಲ್ಲಿ ಕೇಳಿದ್ದರೆ ಗಂಡನೂ ಸಾಕು, ಮನೆಯೂ ಸಾಕು, ಈ ಜನ್ಮವೇ ಸಾಕು ಎಂದುಬಿಡುತ್ತಿದ್ದಳು. ಆದರೆ ಆ ಒಂದು ಕಿರುಚಾಟವನ್ನೇ ಒಪ್ಪಿಗೆ ಎಂದು ಹಿಡಿದುಕೊಂಡು, ಮಗು ಹೊರಬಂದ ಬೆನ್ನಿಗೇ ಗರ್ಭಕೋಶದೊಳಗೆ ಕಾಪರ್-ಟಿ ಇಟ್ಟರು. ಅರ್ಧ ಬೆರಳುದ್ದದ ಒಂದು ಪ್ಲಾಸ್ಟಿಕ್ ಕಡ್ಡಿ, ಅದಕ್ಕೆ ಸುತ್ತಿದ ತಾಮ್ರದ ತಂತಿ. ಹಾಗೆ ಹಾಕಿದ್ದಾರೆ ಎನ್ನುವುದು ಅವಳಿಗೆ ಗೊತ್ತಾದದ್ದು ಮನೆಗೆ ಹೊರಡುವ ದಿನ, ಅದೂ ಹಾಸಿಗೆ ಬಟ್ಟೆ ಮಡಿಸುತ್ತಿದ್ದ ಆಯಾ ಬಾಯಿಂದ. "ನಿಂಗೂ ಹಾಕಿದಾರಮ್ಮ. ಇನ್ನು ಹತ್ತು ವರ್ಷ ಮಕ್ಕಳ ಚಿಂತೆ ಇಲ್ಲ, ಆರಾಮಾಗಿರು" ಎಂದಳು ಆಯಾ.

ಆರಾಮವಂತೆ! ಮಗು ಅಂಬೆಗಾಲಿಡುವ ಹೊತ್ತಿಗೆ ಅವಳು ಡ್ಯೂಟಿಗೆ ಮರಳಿದಳು, ಮುಟ್ಟೂ ಮರಳಿತು. ಮರಳಿದ್ದು ನಿಲ್ಲುವ ಹೆಸರೇ ಎತ್ತಲಿಲ್ಲ. ಮೊದಲೆಲ್ಲ ಮೂರು ದಿನಕ್ಕೆ ಮುಗಿಯುತ್ತಿದ್ದದ್ದು ಈಗ ವಾರ ದಾಟಿದರೂ ಹರಿಯುತ್ತಿತ್ತು. ಕಿಬ್ಬೊಟ್ಟೆಯಲ್ಲಿ ಹಿಂಡುವ ನೋವು. ಮೆಟ್ಟಿಲು ಹತ್ತಿದರೆ ಏದುಸಿರು. ಕಣ್ಣಿನ ಒಳರೆಪ್ಪೆ ಬೆಳ್ಳಗಾಗಿದೆ ಎಂದು ಮಗಳೇ ಕನ್ನಡಿ ಹಿಡಿದು ತೋರಿಸಿದಳು.

ಇನ್ನು ಅವಳ ರೂಟಿನ ಕಥೆ. ನಗರದ ನಿಲ್ದಾಣದಿಂದ ಊರಾಚೆಯ ಕಾರ್ಖಾನೆ ಗೇಟಿನವರೆಗೆ, ವಾಪಸ್ಸು, ಮತ್ತೆ ಅದೇ. ದಾರಿಯುದ್ದಕ್ಕೂ ಹೆಂಗಸರಿಗೆ ಅಂತ ಒಂದು ಶೌಚಾಲಯವಿಲ್ಲ. ನಿಲ್ದಾಣದಲ್ಲಿರುವ ಒಂದಕ್ಕೆ ಬೀಗ, ಬೀಗದ ಕೈ ಕಂಟ್ರೋಲರ್ ಹತ್ತಿರ, ಕಂಟ್ರೋಲರ್ ಎಲ್ಲಿ ಎಂದು ಕೇಳಿದರೆ ಟೀ ಕುಡಿಯೋಕೆ ಹೋದರು ಎನ್ನುವ ಉತ್ತರ. ಅದಕ್ಕೇ ಆ ಡಿಪೋದ ಹೆಣ್ಣು ಕಂಡಕ್ಟರುಗಳು ಬೆಳಗ್ಗೆ ಬಸ್ಸು ಹತ್ತಿದ ಮೇಲೆ ನೀರು ಕುಡಿಯುವುದಿಲ್ಲ. ಬಾಯಿ ಒದ್ದೆ ಮಾಡಿಕೊಂಡು ಉಗಿಯುತ್ತಾರೆ, ಅಷ್ಟೇ. ಹೊಸದಾಗಿ ಸೇರಿದವರಿಗೆ ಟಿಕೆಟ್ ಮೆಷಿನ್ ಹಿಡಿಯುವುದನ್ನು ಕಲಿಸುವ ಮೊದಲು ಹಿರಿಯರು ಕಲಿಸಿಕೊಡುವ ವಿದ್ಯೆ ಇದೇ. ನಾಚಿಕೆ ಯಾರಿಗೆ ಆಗಬೇಕೋ ಅವರಿಗೆ ಆಗುವುದಿಲ್ಲ ನೋಡಿ.

ಹೀಗೆ ನೀರಿಲ್ಲದೆ, ರಕ್ತವಿಲ್ಲದೆ, ಒಂದು ಮಧ್ಯಾಹ್ನ ಬಸ್ಸಿನ ನಡುವೆ ನಿಂತಿದ್ದಾಗ ಹಿಂದಿನಿಂದ ಕಿಸಕ್ಕೆಂದು ನಕ್ಕ ಸದ್ದು ಕೇಳಿತು. ಅವಳ ಖಾಕಿ ಬಟ್ಟೆಯ ಹಿಂದೆ ಕಲೆಯಾಗಿತ್ತು. ಕೈ ಹಿಂದಕ್ಕೆ ಹೋಯಿತು, ಕಣ್ಣು ಕತ್ತಲೆಗಟ್ಟಿತು. ಸೀಟಿ ಬಾಯಿಗೆ ಎತ್ತುವಷ್ಟೂ ತ್ರಾಣವಿರಲಿಲ್ಲ. ಕಂಬಿಗೆ ಹಣೆ ಬಡಿದು ಕುಸಿದಳು.

ಸೀಟಿಯಿಲ್ಲದೆ ಎಂದೂ ಬಸ್ಸು ನಿಲ್ಲಿಸದ ಡ್ರೈವರಣ್ಣ ಅವತ್ತು ನಿಲ್ಲಿಸಿದ. ಎದ್ದು ಬಂದು ತನ್ನ ಅಂಗಿ ಬಿಚ್ಚಿ ಅವಳ ಸೊಂಟಕ್ಕೆ ಹೊದಿಸಿ, ಬನಿಯನ್ನಿನಲ್ಲೇ ನಿಂತು ನಕ್ಕವನ ಕಡೆ ತಿರುಗಿದ. "ಏನಯ್ಯಾ ನಗು? ನಿನ್ನೇನು ಆಕಾಶದಿಂದ ಉದುರಿಸಿದ್ರಾ? ಇಳಿ ಕೆಳಗೆ!" ಆ ಮನುಷ್ಯ ಬಾಯಿ ಮುಚ್ಚಿಕೊಂಡು ಇಳಿದುಹೋದ.

ಡಿಪೋದ ಡಾಕ್ಟರ್ ತಲೆಯೆತ್ತದೆ ಕಬ್ಬಿಣದ ಮಾತ್ರೆ ಬರೆದ. "ಹೆಂಗಸ್ರಿಗೆ ಇದೆಲ್ಲ ಮಾಮೂಲು. ಚೆನ್ನಾಗಿ ನೀರು ಕುಡೀಬೇಕು."

"ಕುಡಿದ್ರೆ ಹೋಗೋದೆಲ್ಲಿಗೆ ಸಾರ್?" ಎಂದು ಕೇಳಿದಳು. ಅವನು ಫ್ಯಾನಿನ ಕಡೆ ನೋಡಿದ.

ಮ್ಯಾನೇಜರ್ ಕೆಟ್ಟವನಲ್ಲ, ಆದರೆ ಅವನ ಮಾತೂ ಕಡ್ಡಿ ಮುರಿದಂತಿತ್ತು. "ನೋಡಮ್ಮ, ರೂಟ್ ಮೇಲೆ ಇನ್ನೊಂದ್ಸಲ ಹೀಗಾದ್ರೆ ನನ್ ಕೈಲಿ ಏನೂ ಇಲ್ಲ. ನಿನ್ನ ಬಸ್ ತೊಳೆಯೋ ಶೆಡ್ಡಿಗೆ ಹಾಕ್ಬೇಕಾಗುತ್ತೆ." ತೊಳೆಯುವ ಕೆಲಸ ಕೀಳು ಎಂದು ಅವಳು ಎಂದೂ ಭಾವಿಸಿದವಳಲ್ಲ. ಆದರೆ ಆ ರೂಟು ಅವಳದು. ಕಾರ್ಖಾನೆ ಗೇಟಿನ ಹೆಂಗಸರು, ಶಾಲೆ ಮಕ್ಕಳು, ಕೋಲೂರಿಕೊಂಡು ಹತ್ತುವ ಮುದುಕರು, ಎಲ್ಲರ ಸ್ಟಾಪೂ ಅವಳಿಗೆ ಬಾಯಿಪಾಠ. ಇಡೀ ಜೀವನದಲ್ಲಿ 'ಇದು ನನ್ನದು' ಎಂದು ಎದೆತಟ್ಟಿ ಹೇಳಿಕೊಳ್ಳುವುದಕ್ಕೆ ಇದ್ದದ್ದು ಅದೊಂದೇ. ಅದನ್ನು ಉಳಿಸಿಕೊಳ್ಳಬೇಕಾದರೆ ಇದೆಲ್ಲಕ್ಕೂ ಮೂಲವಾಗಿ ಒಳಗೆ ಕೂತಿದ್ದ ಕಾಪರ್-ಟಿ ಹೊರಗೆ ಬರಬೇಕಿತ್ತು.

ಸರಿ, ಹೆರಿಗೆಯಾದ ಅದೇ ಆಸ್ಪತ್ರೆಗೆ ಹೋದಳು. ಹೊರರೋಗಿಗಳ ಕೋಣೆಯಲ್ಲಿ ಇಬ್ಬರು ಕೂರುತ್ತಿದ್ದರು. ಕಿಟಕಿ ಪಕ್ಕದ ದೊಡ್ಡ ಮೇಜಿನಲ್ಲಿ ದೊಡ್ಡ ಡಾಕ್ಟರಮ್ಮ, ಪರದೆಯ ಆಚೆ ಹೊಸದಾಗಿ ಬಂದಿದ್ದ ಚಿಕ್ಕ ಡಾಕ್ಟರಮ್ಮ. ದೊಡ್ಡ ಡಾಕ್ಟರಮ್ಮನ ಹಿಂದಿನ ಗೋಡೆಯಲ್ಲಿ, ಪ್ರತಿ ತಿಂಗಳು ಎಷ್ಟು ಕಾಪರ್-ಟಿ ಹಾಕಬೇಕು, ಮಕ್ಕಳಾಗದಂತೆ ಎಷ್ಟು ಆಪರೇಷನ್ ಆಗಬೇಕು ಎನ್ನುವ ಟಾರ್ಗೆಟ್ಟಿನ ಬೋರ್ಡು ತೂಗುತ್ತಿತ್ತು. ಎಷ್ಟು ತೆಗೆಯಬೇಕು ಎನ್ನುವುದಕ್ಕೆ ಅದರಲ್ಲಿ ಜಾಗವಿರಲಿಲ್ಲ.

"ತೆಗೀಬೇಕಾ? ಯಾಕೆ? ಚಿನ್ನದಂಥಾದ್ದು ಹಾಕಿದೀವಿ" ಎಂದರು ದೊಡ್ಡ ಡಾಕ್ಟರಮ್ಮ.

"ರಕ್ತ ನಿಲ್ತಾ ಇಲ್ಲ ಮೇಡಂ. ಬಸ್ಸಲ್ಲಿ ಬಿದ್ದೆ."

"ಮೊದಮೊದಲು ಹಾಗೇ. ಸಹಿಸ್ಕೋಬೇಕು. ತೆಗೆದ್ರೆ ನಾಳೆ ಹೊಟ್ಟೆ ಮುಂದೆ ಮಾಡ್ಕೊಂಡ್ ಬರ್ತೀಯ. ನಿಮ್ಮಂಥೋರಿಗೆ ಎಷ್ಟು ಹೇಳಿದ್ರೂ ಅಷ್ಟೇ."

"ನನಗೆ ಯಾರೂ ಏನೂ ಹೇಳೇ ಇಲ್ವಲ್ಲ ಮೇಡಂ."

"ಸರಿ ಸರಿ, ಗಂಡನ್ನ ಕರ್ಕೊಂಡ್ ಬಾ, ನೋಡೋಣ. ನೆಕ್ಸ್ಟ್!"

ಮೈಯೆಲ್ಲ ಉರಿದುಹೋಯಿತು ಅವಳಿಗೆ. ಹಾಕುವಾಗ ಗಂಡ ಬೇಕಿರಲಿಲ್ಲ. ಅವಳೇ ಬೇಕಿರಲಿಲ್ಲ, ಅವಳ ಒಂದು ಕಿರುಚಾಟ ಸಾಕಾಗಿತ್ತು. ತೆಗೆಯುವುದಕ್ಕೆ ಮಾತ್ರ ಗಂಡ ಬರಬೇಕು! ಇದ್ಯಾವ ಸೀಮೆ ನ್ಯಾಯ? ಕಾನೂನು ಹಾಗಿದೆಯೋ ಎಂದರೆ ಅದೂ ಇಲ್ಲ. ಯಾರೋ ಯಾವಾಗಲೋ ಶುರುಮಾಡಿದ ಪದ್ಧತಿ, ಎಲ್ಲರೂ ಕಣ್ಣು ಮುಚ್ಚಿಕೊಂಡು ನಡೆಸಿಕೊಂಡು ಬರುತ್ತಿದ್ದರು.

ಡಿಪೋದಲ್ಲಿ ಈ ಮಾತು ಕೇಳಿದ ಡ್ರೈವರಣ್ಣ, "ಯಾರಾದ್ರೂ ಒಬ್ಬ ಗಂಡಸು ಆದ್ರೆ ಸಾಕು ಅನ್ನೋದಾದ್ರೆ ನಾನೇ ಬಂದು ನಿಂತ್ಕೋತೀನಮ್ಮ, ಮೀಸೆ ಅಂತೂ ಇದೆ" ಎಂದ. ಅಷ್ಟು ಸಿಟ್ಟಿನಲ್ಲೂ ಅವಳಿಗೆ ನಗು ಬಂತು.

ಅವಳ ಸ್ವಂತ ಅಕ್ಕನಿಗೂ ಕಾಪರ್-ಟಿ ಇತ್ತು. ಅಕ್ಕ ಅದನ್ನು ಹಾಡಿ ಹೊಗಳುತ್ತಿದ್ದಳು. "ನಂಗೇನೂ ತೊಂದ್ರೆ ಇಲ್ಲ ಕಣೇ. ಮಾತ್ರೆ ನುಂಗೋ ರಗಳೆ ಇಲ್ಲ, ಮರೆಯೋ ಭಯ ಇಲ್ಲ. ಆದ್ರೆ ನಂಗೆ ಮೊದಲೇ ಕೂರಿಸ್ಕೊಂಡು ಎಲ್ಲ ಹೇಳಿದ್ರು. ಮೊದಲು ಸ್ವಲ್ಪ ತಿಂಗಳು ಜಾಸ್ತಿ ಹೋಗುತ್ತೆ, ತಡೆಯೋಕಾಗದಿದ್ರೆ ಬಾ, ತೆಗೀತೀವಿ ಅಂದಿದ್ರು. ನಿಂಗೆ ಹೇಳ್ಲಿಲ್ವಾ?" ಅಂದರೆ ಆ ವಸ್ತುವಿನ ತಪ್ಪಲ್ಲ. ಅಕ್ಕನ ಮೈಗೆ ಹೊಂದಿತು, ಇವಳ ಮೈಗೆ ಹೊಂದಲಿಲ್ಲ. ಅಕ್ಕನನ್ನು ಮನುಷ್ಯಳಂತೆ ಕೂರಿಸಿ ಕೇಳಿದರು, ಇವಳನ್ನು ಕೇಳಲಿಲ್ಲ. ಇದು ಅರಿವಾದ ಮೇಲಂತೂ ಅವಳ ಸಿಟ್ಟು ಇಳಿಯಲೇ ಇಲ್ಲ.

ಗಂಡ ಗ್ರಿಲ್ ಅಂಗಡಿಯಲ್ಲಿ ವೆಲ್ಡರ್. ಬೆಂಕಿ ಕಿಡಿಗೆ ಹೆದರದ ಮನುಷ್ಯ ಬಿಳಿ ಕೋಟು ಕಂಡರೆ ನಡುಗುತ್ತಿದ್ದ. "ಡಾಕ್ಟ್ರು ಹಾಕಿದಾರೆ ಅಂದ್ರೆ ಏನೋ ಯೋಚನೆ ಮಾಡೇ ಹಾಕಿರ್ತಾರೆ ಕಣೇ" ಎಂದ, ತಟ್ಟೆಯಿಂದ ತಲೆ ಎತ್ತದೆ.

"ಮಾಡಿಲ್ಲ ಅಂದ್ನಾ? ನನ್ನನ್ನ ಬಿಟ್ಟು ಯೋಚನೆ ಮಾಡಿದಾರೆ ಅಂದೆ."

"ಈಗ ನಾನ್ ಬಂದು ಏನ್ ಹೇಳ್ಬೇಕು ಅಲ್ಲಿ?"

"ಏನೂ ಹೇಳ್ಬೇಡಿ. ಬಂದು ಕಾಣಿಸ್ಕೊಳ್ಳಿ ಸಾಕು. ಅವರಿಗೆ ಬೇಕಾಗಿರೋದು ನಿಮ್ಮ ಮುಖ."

ಅವನು ಅರ್ಧ ದಿನ ರಜೆ ಹಾಕಿ ಬಂದ. ಅವಳು ಮಧ್ಯಾಹ್ನದ ಡ್ಯೂಟಿಗೆ ಅಲ್ಲಿಂದಲೇ ಹೋಗಬೇಕಾದ್ದರಿಂದ ಖಾಕಿಯಲ್ಲೇ ಬಂದಿದ್ದಳು. ಸಾಲು ಬಾಗಿಲಿನಿಂದ ಆಚೆ ಓಣಿಯ ತನಕ ಇತ್ತು. ಬೆಂಚಿನ ಮೇಲೆ, ಗೋಡೆಗೆ ಒರಗಿ, ಕಂಕುಳಲ್ಲಿ ಕೂಸು ಹೊತ್ತು, ಎಲ್ಲಿ ನೋಡಿದರೂ ಹೆಂಗಸರು. ಅವರ ಸರದಿ ಬಂದಾಗ ದೊಡ್ಡ ಡಾಕ್ಟರಮ್ಮ ತಲೆಯೆತ್ತಿ ನೋಡಿದರು. ಅವಳನ್ನಲ್ಲ, ಅವಳ ಭುಜದ ಮೇಲಿಂದ ಹಿಂದೆ ನಿಂತಿದ್ದ ಅವನನ್ನು.

"ಏನಪ್ಪಾ, ನೀನು ಗಂಡನಾ? ಹೆಂಡ್ತಿ ಕಾಪರ್-ಟಿ ತೆಗೀಬೇಕು ಅಂತಾಳೆ. ತೆಗೀಬಹುದಾ? ನಿನ್ ಒಪ್ಪಿಗೆ ಇದೆಯಾ?"

ಅವನು ಕೈಯ ಸುಟ್ಟಗಾಯವನ್ನು ಉಜ್ಜಿಕೊಂಡ. "ಅದು... ತಾವು ಹೇಳಿದ ಹಾಗೆ ಮೇಡಂ..." ಎಂದು ತೊದಲಿದ.

ಪಿತ್ತ ನೆತ್ತಿಗೇರಿತು ಅವಳಿಗೆ. ಕೈ ತಾನಾಗಿಯೇ ಕೊರಳಿಗೆ ಹೋಯಿತು. ಸೀಟಿ ಬಾಯಿಗೆ ಬಂತು. ಒಂದೇ ಒಂದು ಸಲ, ಉಸಿರು ತುಂಬಿಕೊಂಡು, ಊದಿಬಿಟ್ಟಳು.

ನಾಲ್ಕು ಗೋಡೆಯ ನಡುವೆ ಆ ಸದ್ದು ಹೇಗೆ ಮೊಳಗಿರಬೇಡ! ದೊಡ್ಡ ಡಾಕ್ಟರಮ್ಮನ ಪೆನ್ನು ನಿಂತಿತು. ಇಂಜೆಕ್ಷನ್ ತಟ್ಟೆ ಹಿಡಿದು ಹೊರಟಿದ್ದ ನರ್ಸಮ್ಮ ನಿಂತಲ್ಲೇ ನಿಂತಳು. ಅಳುತ್ತಿದ್ದ ಕೂಸುಗಳೂ ಒಂದು ಗಳಿಗೆ ಬಾಯಿ ತೆರೆದುಕೊಂಡೇ ಸುಮ್ಮನಾದವು. ಗಂಡನಂತೂ ಗೋಡೆಗೆ ಅಂಟಿಕೊಂಡ.

"ಮೇಡಂ, ಇಲ್ಲಿ ನೋಡಿ. ನನ್ನನ್ನ ನೋಡಿ" ಎಂದಳು. ಬಸ್ಸಿನ ಕೊನೇ ಸೀಟಿನವರೆಗೆ ದನಿ ಮುಟ್ಟಿಸಿ ಅಭ್ಯಾಸವಾದ ಗಂಟಲು ಅದು. "ದಿನಾ ನೂರಾರು ಜನ ನನ್ ಬಸ್ಸಿಂದ ಇಳೀತಾರೆ. ಇಳೀಬೇಕು ಅಂದೋರಿಗೆ ನಿಲ್ಲಿಸ್ತೀನಿ. ಗಂಡನ್ನ ಕರ್ಕೊಂಡ್ ಬಾ, ಆಮೇಲೆ ಇಳಿಸ್ತೀನಿ ಅಂತ ಒಬ್ಬ ಹೆಂಗಸಿಗಾದ್ರೂ ಇವತ್ತಿನವರೆಗೆ ಹೇಳಿಲ್ಲ. ನೀವು ಹಾಕೋವಾಗ ನನ್ನ ಕೇಳ್ಲಿಲ್ಲ. ನೋವಲ್ಲಿ ಸಾಕು ಅಂತ ಕಿರುಚಿದ್ದನ್ನ ಒಪ್ಪಿಗೆ ಅಂದ್ರಿ. ಇದು ಜಾಸ್ತಿ ರಕ್ತ ಹರಿಸಬಹುದು ಅಂತ ಹೇಳ್ಲಿಲ್ಲ. ಬೇರೆ ಏನೇನಿದೆ ಅಂತ ಹೇಳ್ಲಿಲ್ಲ. ಈಗ ಬೇಡ ಅಂತ ಬಾಯ್ಬಿಟ್ಟು, ಎದ್ದು ನಿಂತು, ಪೂರ್ತಿ ಪ್ರಜ್ಞೆ ಇಟ್ಕೊಂಡು ಹೇಳ್ತಿದೀನಿ. ಇದು ನಿಮಗೆ ಕೇಳಿಸಲ್ವಾ? ಹರೀತಿರೋದು ಇವರ ರಕ್ತ ಅಲ್ಲ, ನಂದು!"

"ಇದೇನು ಆಸ್ಪತ್ರೇನೋ ಬಸ್ ಸ್ಟ್ಯಾಂಡೋ? ಆಚೆ ಕಳಿಸ್ರೀ ಇವಳನ್ನ!" ಎಂದು ದೊಡ್ಡ ಡಾಕ್ಟರಮ್ಮ ಕೆಂಡವಾದರು.

ಆದರೆ ಸಾಲಿನಲ್ಲಿ ಗುಸುಗುಸು ಎದ್ದಿತ್ತು. "ನಂಗೂ ಹೇಳಿರಲಿಲ್ಲ" ಎಂದಿತು ಒಂದು ದನಿ. "ನಂಗೆ ಇಂಜೆಕ್ಷನ್ ಕೊಟ್ರು, ಶಕ್ತಿಗೆ ಅಂದ್ಕೊಂಡಿದ್ದೆ, ಮಕ್ಕಳಾಗದಿರೋಕೆ ಅಂತ ಆಮೇಲೆ ಗೊತ್ತಾಯ್ತು" ಎಂದಳು ಇನ್ನೊಬ್ಬಳು. ಬೆಂಚಿನ ಮೇಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು. ಆಚೆ ಕಳಿಸಬೇಕಾದ ನರ್ಸಮ್ಮ ತಟ್ಟೆ ನೋಡುತ್ತಾ ನಿಂತಿದ್ದಳೇ ಹೊರತು ಕದಲಲಿಲ್ಲ. ಅಷ್ಟರಲ್ಲಿ ಪರದೆ ಸರಿಸಿಕೊಂಡು ಚಿಕ್ಕ ಡಾಕ್ಟರಮ್ಮ ಬಂದರು. "ಬನ್ನಿ ಅಕ್ಕ, ನಾನು ನೋಡ್ತೀನಿ. ನಿಮ್ಮ ಒಪ್ಪಿಗೆ ಸಾಕು" ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ದೊಡ್ಡ ಡಾಕ್ಟರಮ್ಮ ಎದ್ದು ನಿಂತ ಹೆಂಗಸರ ಕಡೆ ನೋಡಿ, ಮತ್ತೆ ಪೆನ್ನು ಎತ್ತಿಕೊಂಡರು.

ಒಳಗೆ ಮಲಗಿಸಿ, ಕೆಳಗೆ ಜೋತುಬಿದ್ದಿದ್ದ ದಾರ ಹಿಡಿದು ಮೆಲ್ಲಗೆ ಎಳೆದರು. ಒಮ್ಮೆ ಹಿಂಡಿದಂತಾಯಿತು.

"ಆಯ್ತು."

"ಅಷ್ಟೇನಾ?"

"ಅಷ್ಟೇ."

ಟಿಕೆಟ್ ಹರಿದು ಕೊಡುವಷ್ಟು ಹೊತ್ತು. ಇಷ್ಟು ಕೆಲಸಕ್ಕೆ ಅವಳನ್ನು ತಿಂಗಳುಗಟ್ಟಲೆ ರಕ್ತದಲ್ಲಿ ನಡೆಸಿದರು, ಬಸ್ಸಿನಲ್ಲಿ ಕೆಡವಿದರು, ಮಂದಿಯ ಮುಂದೆ ನಗೆಪಾಟಲು ಮಾಡಿದರು! ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಕಿತ್ತುಕೊಂಡು ಬಂತು. ಅತ್ತದ್ದು ನೋವಿಗಲ್ಲ, ಒಡಲ ಉರಿಗೆ.

ಚಿಕ್ಕ ಡಾಕ್ಟರಮ್ಮ ಒಂದು ಲೋಟ ನೀರು ಕೊಟ್ಟು, ಸ್ಟೂಲು ಎಳೆದುಕೊಂಡು ಎದುರಿಗೆ ಕೂತರು. ಗಂಡನನ್ನೂ ಕರೆಯಲೇ ಎಂದು ಅವಳನ್ನು ಕೇಳಿದರು. ಅವಳು ಹೂಂ ಅಂದ ಮೇಲೆಯೇ ಕರೆದರು. "ಇವತ್ತೇ ಮತ್ತೆ ಗರ್ಭ ನಿಲ್ಲಬಹುದು ಅಕ್ಕ, ತೆಗೆದ ಮೇಲೆ ತಡೆ ಇರಲ್ಲ. ಹಾಗಾಗಿ ಮುಂದೇನು ಅಂತ ಮಾತಾಡೋಣ. ನಿಮಗೆ ತಲೆನೋವು ಬರುತ್ತಾ?"

ಬರುತ್ತಿತ್ತು. ಅರೆತಲೆನೋವು. ಬರುವ ಮುಂಚೆ ಕಣ್ಣ ಮುಂದೆ ಅಂಕುಡೊಂಕು ಬೆಳಕು ಮಿಣಮಿಣ ಎನ್ನುತ್ತಿತ್ತು. ಅದನ್ನು ಈವರೆಗೆ ಒಬ್ಬರೂ ಕೇಳಿರಲಿಲ್ಲ.

"ಹಾಗಾದ್ರೆ ಸಾಮಾನ್ಯವಾಗಿ ಎಲ್ಲರೂ ತಗೊಳ್ಳೋ ಮಾತ್ರೆ ನಿಮಗೆ ಬೇಡ. ತುಂಬ ಜನಕ್ಕೆ ಒಳ್ಳೇದೇ ಅದು, ಮುಟ್ಟೂ ಹದಕ್ಕೆ ಬರುತ್ತೆ. ಆದ್ರೆ ನಿಮ್ಮಂಥ ತಲೆನೋವು ಇರೋರಿಗೆ ಲಕ್ವಾ ಹೊಡೆಯೋ ಅಪಾಯ ಹೆಚ್ಚು. ಬೇರೆ ಥರದ ಮಾತ್ರೆ ಇದೆ, ಆದ್ರೆ ದಿನಾ ಅದೇ ಹೊತ್ತಿಗೆ ತಪ್ಪದೆ ನುಂಗ್ಬೇಕು."

"ನನ್ ಡ್ಯೂಟಿಗೆ ಹೊತ್ತು ಗೊತ್ತು ಎಲ್ಲಿದೆ ಡಾಕ್ಟ್ರೇ?"

"ಅದಕ್ಕೇ ಹೇಳಿದ್ದು. ಇಂಜೆಕ್ಷನ್ ಆದ್ರೆ ಮೂರು ತಿಂಗಳಿಗೊಂದು. ಅದರಲ್ಲಿ ಮುಟ್ಟು ಏರುಪೇರಾಗಬಹುದು, ನಿಂತೇ ಹೋಗಬಹುದು. ಬಿಟ್ಟ ಮೇಲೆ ಮಗು ಬೇಕು ಅಂದ್ರೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ತುರ್ತಿಗೆ ಅಂತ ಒಂದು ಮಾತ್ರೆ ಇದೆ, ಅದು ಯಾವಾಗಲೋ ಒಮ್ಮೆ ಎಡವಟ್ಟಾದಾಗ, ದಿನಬಳಕೆಗಲ್ಲ. ನಿರೋಧ್ ಇದೆ. ಅದರಿಂದ ಮೈಗೆ ಕೆಡುಕಿಲ್ಲ, ರೋಗವನ್ನೂ ತಡೆಯುತ್ತೆ, ಆದ್ರೆ ಪ್ರತಿ ಸಲ, ಸರಿಯಾಗಿ ಬಳಸ್ಬೇಕು. ಇನ್ನು ಮಕ್ಕಳು ಖಂಡಿತ ಬೇಡ ಅಂತಾದ್ರೆ ಆಪರೇಷನ್. ಹೆಂಗಸ್ರಿಗೆ ಹೊಟ್ಟೆ ಕೊಯ್ಬೇಕು. ಗಂಡಸ್ರಿಗೆ ಅದಕ್ಕಿಂತ ಸಲೀಸು, ಅವತ್ತೇ ಮನೆಗೆ ನಡ್ಕೊಂಡು ಹೋಗಬಹುದು."

ಗಂಡ ಕಾಲು ಹತ್ತಿರಕ್ಕೆ ಎಳೆದುಕೊಂಡು ಕೂತ. ಅಷ್ಟು ಹೊತ್ತಿಗೆ ದೊಡ್ಡ ಡಾಕ್ಟರಮ್ಮನೂ ಪರದೆಯ ಸಂದಿಯಲ್ಲಿ ಬಂದು ನಿಂತಿದ್ದರು. ಏನು ಕಡಿಮೆಯಾದರೂ ಬೋರ್ಡಿನ ಚಿಂತೆ ಕಡಿಮೆಯಾಗಿರಲಿಲ್ಲ. ಧ್ವನಿಗೆ ಸಕ್ಕರೆ ಸವರಿಕೊಂಡು ಈ ಸಲ ಅವಳನ್ನೇ ಕೇಳಿದರು. "ಏನಮ್ಮಾ, ನಿನ್ ಗಂಡನಿಗೇ ಆಪರೇಷನ್ ಮಾಡಿಸಿಬಿಡೋಣ್ವಾ? ನೀನ್ ಹೂಂ ಅಂದ್ರೆ ಈ ವಾರವೇ ಮಾಡ್ತೀವಿ."

ಗಂಡ ಅವಳ ಮುಖ ನೋಡಿದ. ಹೂಂ ಎಂದುಬಿಡಬಹುದಿತ್ತು. ಎಷ್ಟು ಸುಲಭ! ಹಿಂದಿನ ಸೇಡು ಮುಂದಿನ ಚಿಂತೆ ಎರಡೂ ಒಂದೇ ಮಾತಿಗೆ ತೀರಿಹೋಗುತ್ತಿತ್ತು.

"ನನ್ನನ್ನ ಯಾಕೆ ಕೇಳ್ತೀರಿ ಮೇಡಂ?" ಎಂದಳು. "ಅದು ಅವರ ಮೈ. ಅವರನ್ನ ಕೇಳಿ. ಕೇಳೋಕ್ ಮುಂಚೆ ಒಳ್ಳೇದು ಕೆಟ್ಟದ್ದು ಎರಡೂ ಹೇಳಿ."

ಹಾಗೆಂದು ಎದ್ದು ಆಚೆ ಓಣಿಗೆ ಹೋಗಿ ಕೂತಳು. ಪರದೆಯ ಆಚೆಯಿಂದ ಮಾತು ಕೇಳಿಸುತ್ತಿತ್ತು. ಬಿಳಿ ಕೋಟಿಗೆ ನಡುಗುತ್ತಿದ್ದವನು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಿದ್ದ. ಗಂಡಸುತನ ಹೋಗುತ್ತಾ? ಭಾರ ಎತ್ತೋಕಾಗುತ್ತಾ? ನೋವಿರುತ್ತಾ? ಚಿಕ್ಕ ಡಾಕ್ಟರಮ್ಮ ಒಂದಕ್ಕೂ ಬೇಸರಿಸದೆ ಉತ್ತರ ಕೊಡುತ್ತಿದ್ದರು. ಗಂಡಸುತನಕ್ಕೆ ಏನೂ ಆಗುವುದಿಲ್ಲ, ಕೆಲವು ದಿನ ಭಾರ ಎತ್ತಬಾರದು, ಊತ ನೋವು ಸ್ವಲ್ಪ ಇರಬಹುದು, ಕೀವಾದರೆ ತಕ್ಷಣ ಬರಬೇಕು. ಮಾಡಿಸಿದ ಕೂಡಲೇ ನಂಬಿಕೊಳ್ಳುವಂತಿಲ್ಲ, ಮೂರು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸುವ ತನಕ ನಿರೋಧ್ ಬೇಕೇ ಬೇಕು. ಆಮೇಲೆ ಮನಸ್ಸು ಬದಲಾದರೆ ಮತ್ತೆ ಮೊದಲಿನಂತೆ ಮಾಡುವುದು ಕಷ್ಟ, ಆಗದೆಯೂ ಹೋಗಬಹುದು. "ಯೋಚನೆ ಮಾಡಿ ಬನ್ನಿ. ಏನೂ ಅವಸರ ಇಲ್ಲ" ಎಂದರು ಕೊನೆಗೆ. ದೊಡ್ಡ ಡಾಕ್ಟರಮ್ಮನೂ "ಹೌದಪ್ಪಾ, ನಿಧಾನಕ್ಕೆ ಯೋಚ್ನೆ ಮಾಡು" ಎಂದು ದನಿಗೂಡಿಸಿದರು.

ಅವನು ನಿರೋಧಿನ ಪೊಟ್ಟಣ ಜೇಬಿಗೆ ತುರುಕಿಕೊಂಡು ಹೊರಬಂದ. ಇಬ್ಬರೂ ಬಸ್ ಸ್ಟಾಪಿನವರೆಗೆ ನಡೆದರು. ದೂರದಲ್ಲಿ ಅವಳ ಬಸ್ಸು ಬರುವುದು ಕಾಣಿಸಿತು, ಡ್ರೈವರಣ್ಣ ಆಗಲೇ ಕೈ ಹೊರಗೆ ಚಾಚಿದ್ದ. ಅವಳು ಚೀಲ ಭುಜಕ್ಕೇರಿಸಿದಳು.

"ಯಾಕೆ, ಇನ್ನೂ ಮುಖ ಊದಿಸ್ಕೊಂಡಿದೀಯ?" ಎಂದ ಅವನು. "ಯೋಚನೆ ಮಾಡಿ ಹೇಳ್ತೀನಿ ಅಂದೆ. ತಪ್ಪಾಯ್ತಾ?"

"ಇಲ್ಲ, ಏನೂ ತಪ್ಪಿಲ್ಲ. ಚೆನ್ನಾಗಿ ಯೋಚನೆ ಮಾಡಿ" ಎಂದಳು ಅವಳು. "ನಿಮಗೆ ಎಲ್ಲ ಬಿಡಿಸಿ ಹೇಳಿದ್ರು. ಯೋಚನೆ ಮಾಡೋಕೆ ಮನೆಗೂ ಕಳಿಸಿದ್ರು. ನನ್ ಸಿಟ್ಟೇ ಅದು ಕಣ್ರೀ."